ನಾಲ್ವರಲ್ಲೊಬ್ಬರ ಮೈಟೋಕಾಂಡ್ರಿಯ

ಆರುನೂರು ರೋಗಿಗಳು, ಉತ್ತರ ಅಮೆರಿಕದ 67 ಕೇಂದ್ರಗಳು, ಹದಿನಾರು ತಿಂಗಳ ಗಡುವು. ಪಾರ್ಕಿನ್ಸನ್ ರೋಗ ಇನ್ನೂ ಆರಂಭದ ಹಂತದಲ್ಲಿದ್ದವರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,200 ಮಿಲಿಗ್ರಾಂ ಕೋಎನ್‌ಜೈಮ್ ಕ್ಯೂ10, ಇನ್ನೊಂದಕ್ಕೆ ಅದರ ಎರಡರಷ್ಟು, ಮೂರನೆಯದಕ್ಕೆ ಔಷಧವೇ ಇಲ್ಲದ ಹುಸಿಮಾತ್ರೆ ಕೊಡಲಾಯಿತು. ಯಾರು ಏನು ನುಂಗುತ್ತಿದ್ದಾರೆ ಎಂಬುದು ರೋಗಿಗೂ ಗೊತ್ತಿರಲಿಲ್ಲ, ನೋಡುವ ವೈದ್ಯರಿಗೂ ಗೊತ್ತಿರಲಿಲ್ಲ. 2002ರಲ್ಲಿ 80 ಜನರ ಮೇಲೆ ನಡೆದಿದ್ದ ಚಿಕ್ಕ ಪ್ರಯೋಗ ರೋಗದ ಓಟ ನಿಧಾನವಾಗುವಂತಿದೆ ಎಂಬ ಆಸೆ ಹುಟ್ಟಿಸಿತ್ತು. ದೊಡ್ಡ ಪ್ರಯೋಗ ಆ ಆಸೆಯನ್ನು ಉಳಿಸಲಿಲ್ಲ. ಮುಂದುವರಿಸಿದರೂ ಪ್ರಯೋಜನ ಕಾಣುವ ಸಾಧ್ಯತೆಯಿಲ್ಲ ಎಂದು ಲೆಕ್ಕ ಹೇಳಿದ್ದರಿಂದ ಅದನ್ನು ನಡುವೆಯೇ ನಿಲ್ಲಿಸಲಾಯಿತು. 2014ರಲ್ಲಿ ಅಂಕಿಅಂಶ ಪ್ರಕಟವಾದಾಗ ಮಾತ್ರೆ ತಿಂದವರಿಗೂ ಹುಸಿಮಾತ್ರೆ ತಿಂದವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಮರುವರ್ಷ ಕ್ರಿಯಾಟಿನ್ ಎಂಬ ಇನ್ನೊಂದು ವಸ್ತುವಿನ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 1,741 ರೋಗಿಗಳಿದ್ದರು. ಅದೂ ಅರ್ಧದಲ್ಲೇ ನಿಂತಿತ್ತು, ಅದೇ ಕಾರಣಕ್ಕೆ.

ಜೀವಕೋಶದ ಶಕ್ತಿಯ ಕೆಲಸಕ್ಕೆ ನೆರವಾಗುವ ಈ ಎರಡೂ ವಸ್ತುಗಳನ್ನು ಯಾರೂ ಕಣ್ಣುಮುಚ್ಚಿ ಆರಿಸಿರಲಿಲ್ಲ. ಜೀವಕೋಶಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ತಯಾರಿಸುವ ಮೈಟೋಕಾಂಡ್ರಿಯಗಳಿಗೆ ಪಾರ್ಕಿನ್ಸನ್ ರೋಗದಲ್ಲಿ ಪೆಟ್ಟು ಬಿದ್ದಿರುತ್ತದೆ ಎಂಬುದಕ್ಕೆ ಆ ಹೊತ್ತಿಗಾಗಲೇ ದಶಕಗಳ ಸಾಕ್ಷ್ಯ ರಾಶಿ ಬಿದ್ದಿತ್ತು. ವಿಷದಿಂದ ಬಂದ ಸಾಕ್ಷ್ಯ, ಸತ್ತವರ ಮಿದುಳಿನಿಂದ ಬಂದ ಸಾಕ್ಷ್ಯ, ವಂಶವಾಹಿಗಳಿಂದ ಬಂದ ಸಾಕ್ಷ್ಯ, ಹಣ್ಣಿನ ನೊಣಗಳಿಂದ ಬಂದ ಸಾಕ್ಷ್ಯ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಹಾಗಿದ್ದೂ ರೋಗಿಗಳ ಕೈಗೆ ಏನೂ ಸಿಗಲಿಲ್ಲ. ಸಾಕ್ಷ್ಯ ಸುಳ್ಳಾಗಿರಲಿಲ್ಲ. ಪಾರ್ಕಿನ್ಸನ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆಬೇರೆ ದಾರಿಯಲ್ಲಿ ಕೆಟ್ಟ ಮಿದುಳುಗಳಿವೆ, ಆ ರೋಗಿಗಳೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಮಾತ್ರೆ ಕೊಟ್ಟದ್ದು ಸೋಲಿನ ದೊಡ್ಡ ಕಾರಣಗಳಲ್ಲೊಂದು ಎಂದು ಇತ್ತೀಚಿನ ಸಂಶೋಧನೆ ನೋಡಿದರೆ ಅನ್ನಿಸುತ್ತದೆ. ಅದನ್ನು ಅರಿಯಲು ಕ್ಯಾಲಿಫೋರ್ನಿಯಾದ ಒಂದು ಬೇಸಿಗೆಯಿಂದ ಶುರುಮಾಡಬೇಕು.

1982ರ ಜುಲೈ. ಸ್ಯಾನ್ ಹೊಸೆ ನಗರದ ಸಾಂಟಾ ಕ್ಲಾರಾ ವ್ಯಾಲಿ ವೈದ್ಯಕೀಯ ಕೇಂದ್ರಕ್ಕೆ 42 ವರ್ಷದ ಒಬ್ಬ ವ್ಯಕ್ತಿಯನ್ನು ಕರೆತಂದರು. ಮಾತಿಲ್ಲ, ಮುಖದಲ್ಲಿ ಭಾವವಿಲ್ಲ, ಕೈಕಾಲು ಮರಗಟ್ಟಿದೆ. ಮಾನಸಿಕ ಕಾಯಿಲೆಯೇ ಇರಬೇಕೆಂದು ಕೆಲವರು ಭಾವಿಸಿದ್ದರು. ಆದರೆ ಆತನ ಬೆರಳುಗಳು ತುಸು ಅಲುಗುತ್ತಿರುವುದನ್ನು ಗಮನಿಸಿದ ವೈದ್ಯರು ಕೈಗೆ ಪೆನ್ಸಿಲ್ ಕೊಟ್ಟರು. ತನಗೆ ಎಲ್ಲವೂ ತಿಳಿಯುತ್ತಿದೆ, ದೇಹ ಮಾತ್ರ ಹೇಳಿದಂತೆ ಕೇಳುತ್ತಿಲ್ಲ ಎಂಬ ಅರ್ಥದ ಮಾತನ್ನು ಆತ ತಡವರಿಸುತ್ತ ಬರೆದ. ಅಲ್ಲಿನ ನರರೋಗ ತಜ್ಞ ಡಾ. ವಿಲಿಯಂ ಲಾಂಗ್‌ಸ್ಟನ್‌ಗೆ ಇದು ವಯಸ್ಸಾದವರಲ್ಲಿ ಕಾಣುವ ಪಾರ್ಕಿನ್ಸನ್ನಿನ ತೀರಾ ಮುಂದುವರಿದ ಹಂತದಂತೆ ಕಂಡಿತು. ಆದರೆ ಆ ಸ್ಥಿತಿ ತಲುಪಲು ವರ್ಷಗಟ್ಟಲೆ ಬೇಕು. ಈತ ಕೆಲವೇ ದಿನಗಳಲ್ಲಿ ಅಲ್ಲಿಗೆ ತಲುಪಿದ್ದ. ಆತನ ಗೆಳತಿಯದೂ ಅದೇ ಅವಸ್ಥೆ. ಹತ್ತಿರದ ವಾಟ್ಸನ್‌ವಿಲ್ ಊರಿನಲ್ಲಿ ಇನ್ನಿಬ್ಬರು ಸಹೋದರರು ಹೀಗೇ ಮರಗಟ್ಟಿ ಕೂತಿದ್ದಾರೆಂದು ಇನ್ನೊಬ್ಬ ವೈದ್ಯ ಹೇಳಿದರು.

ಎಲ್ಲರಿಗೂ ಸಮಾನವಾಗಿದ್ದದ್ದು ಒಂದೇ: ಹೆರಾಯಿನ್ ಎಂದು ನಂಬಿ ಅವರು ಚುಚ್ಚಿಕೊಂಡಿದ್ದ ಕಳ್ಳ ಮಾದಕ ವಸ್ತು. ಪೆಥಿಡಿನ್ ಜಾತಿಯ ನೋವುನಿವಾರಕವೊಂದನ್ನು ಕದ್ದುಮುಚ್ಚಿ ತಯಾರಿಸುವಾಗ ಉಷ್ಣತೆ, ಆಮ್ಲತೆ ತುಸು ಹೆಚ್ಚುಕಡಿಮೆಯಾದರೂ ಎಂಪಿಟಿಪಿ ಎಂಬ ಬೇರೆಯದೇ ರಾಸಾಯನಿಕ ಹುಟ್ಟಿಕೊಳ್ಳುತ್ತದೆ. ಇದರ ಬಗ್ಗೆ ಮೊದಲೊಂದು ಎಚ್ಚರಿಕೆಯೂ ಬಂದಿತ್ತು. 1976ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ 23ರ ಯುವಕನೊಬ್ಬ ತಾನೇ ತಯಾರಿಸಿದ್ದನ್ನು ಚುಚ್ಚಿಕೊಂಡು ಪಾರ್ಕಿನ್ಸನ್ ಲಕ್ಷಣಗಳಿಗೆ ತುತ್ತಾಗಿದ್ದ. ಎರಡು ವರ್ಷದ ನಂತರ ಆತ ತೀರಿಕೊಂಡಾಗ ಮಿದುಳು ಪರೀಕ್ಷಿಸಿದರೆ ಸಬ್‌ಸ್ಟಾನ್ಷಿಯಾ ನೈಗ್ರ ಎಂಬ ಕಪ್ಪು ಪಟ್ಟಿಯ ನರಕೋಶಗಳು ಹಾಳಾಗಿದ್ದವು. 1979ರಲ್ಲಿ ಸಣ್ಣ ಪತ್ರಿಕೆಯೊಂದರಲ್ಲಿ ಈ ವಿವರ ಅಚ್ಚಾಯಿತು, ಹೆಚ್ಚು ಜನ ಓದಲಿಲ್ಲ. ಕ್ಯಾಲಿಫೋರ್ನಿಯಾದವರು ಅದನ್ನು ಹುಡುಕಿ ತೆಗೆದರು. 1983ರಲ್ಲಿ ಲಾಂಗ್‌ಸ್ಟನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ನಾಲ್ವರ ಕಥೆ ಬರೆದಾಗ ಪಾರ್ಕಿನ್ಸನ್ ಸಂಶೋಧನೆಯ ದಿಕ್ಕೇ ತಿರುಗಿತು. ಆವರೆಗೆ ಈ ರೋಗವನ್ನು ಪ್ರಾಣಿಯಲ್ಲಿ ಹುಟ್ಟಿಸಿ ನೋಡುವ ದಾರಿಗಳು ಸೀಮಿತವಾಗಿದ್ದವು. ಈಗ ಒಂದು ಸಣ್ಣ ಅಣುವಿಗೆ ಆ ಶಕ್ತಿಯಿದೆ ಎಂದು ಗೊತ್ತಾಯಿತು.

ಆ ಅಣು ಏನು ಮಾಡುತ್ತದೆ ಎಂಬುದು ಒಂದೊಂದೇ ಹೆಜ್ಜೆಯಾಗಿ ಬಿಚ್ಚಿಕೊಂಡಿತು. ಎಂಪಿಟಿಪಿ ತಾನೇ ಅಷ್ಟು ವಿಷವಲ್ಲ. ಕೊಬ್ಬಿನಲ್ಲಿ ಕರಗುವುದರಿಂದ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸಲೀಸಾಗಿ ದಾಟುತ್ತದೆ. ಮಿದುಳಿನ ಆಸರೆ ಕೋಶಗಳಲ್ಲಿರುವ ಮಾವೋ-ಬಿ ಎಂಬ ಕಿಣ್ವ ಅದನ್ನು ಎಂಪಿಪಿ ಪ್ಲಸ್ ಎಂಬ ವಿದ್ಯುದಾವೇಶದ ಅಣುವಾಗಿ ಬದಲಿಸುತ್ತದೆ. ನೈಗ್ರದಲ್ಲಿ ಡೋಪಮೈನ್ ಎಂಬ ನರಸಂದೇಶವಾಹಕವನ್ನು ತಯಾರಿಸುವ ನರಕೋಶಗಳು ಹೊರಗೆ ಬಿಟ್ಟ ಡೋಪಮೈನನ್ನು ಮತ್ತೆ ಒಳಗೆಳೆದುಕೊಳ್ಳಲು ಒಂದು ಸಾಗಣೆ ಪ್ರೋಟೀನ್ ಇಟ್ಟುಕೊಂಡಿರುತ್ತವೆ. ಅದು ಈ ಹೊಸ ಅಣುವನ್ನೂ ಡೋಪಮೈನ್ ಎಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕ ವಿಷ ಮೈಟೋಕಾಂಡ್ರಿಯದಲ್ಲಿ ಶೇಖರವಾಗುತ್ತದೆ. 1985ರಲ್ಲಿ ನಿಕ್ಲಾಸ್, ವ್ಯಾಸ್ ಮತ್ತು ಹೈಕಿಲಾ ಎಂಬ ಮೂವರು ಅಲ್ಲಿ ಆಗುವುದೇನೆಂದು ತೋರಿಸಿಕೊಟ್ಟರು: ಉಸಿರಾಟ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್-1 ಕೆಲಸ ನಿಲ್ಲಿಸುತ್ತದೆ.

ಕಾಂಪ್ಲೆಕ್ಸ್-1 ಎಂಬುದು 45 ಪ್ರೋಟೀನ್ ತುಂಡುಗಳು ಕೂಡಿ ಆದ ದೈತ್ಯ ಕಿಣ್ವ. ಆಹಾರದಿಂದ ಬಂದ ಇಲೆಕ್ಟ್ರಾನುಗಳನ್ನು ಮೊದಲು ಕೈಗೆತ್ತಿಕೊಂಡು ಮುಂದಕ್ಕೆ ದಾಟಿಸುವುದು ಅದರ ಕೆಲಸ, ದಾಟಿಸುವಾಗ ಪ್ರೋಟಾನುಗಳನ್ನು ಪೊರೆಯಾಚೆ ತಳ್ಳುತ್ತದೆ. ಆ ಒತ್ತಡದಿಂದಲೇ ಕೊನೆಗೆ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುವುದು. ಈ ಕೊಂಡಿ ಕೆಟ್ಟರೆ ಎರಡು ಅನಾಹುತ ಒಟ್ಟಿಗೇ ಸಂಭವಿಸುತ್ತವೆ. ಎಟಿಪಿ ಕಡಿಮೆಯಾಗುತ್ತದೆ, ದಾರಿತಪ್ಪಿದ ಇಲೆಕ್ಟ್ರಾನುಗಳು ಆಮ್ಲಜನಕಕ್ಕೆ ಅಂಟಿ ಸುತ್ತಲ ಪ್ರೋಟೀನು, ಕೊಬ್ಬು, ಡಿಎನ್‌ಎಗಳನ್ನು ಸುಡುವ ಉಗ್ರ ಅಣುಗಳಾಗುತ್ತವೆ. ತೂಕದಲ್ಲಿ ದೇಹದ ನೂರಕ್ಕೆ ಎರಡರಷ್ಟೇ ಇರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಖರ್ಚು ಮಾಡುತ್ತದೆ. ಕೊರತೆಯ ಬಿಸಿ ಮೊದಲು ತಟ್ಟುವುದು ಅಲ್ಲಿಗೇ.

ಲಾಂಗ್‌ಸ್ಟನ್ ಮುಂದೆ ಕಂಡ ಇನ್ನೊಂದು ಸಂಗತಿ ಇನ್ನೂ ಆತಂಕದ್ದು. ಎಂಪಿಟಿಪಿಗೆ ತುತ್ತಾದ ಮೂವರ ಮಿದುಳನ್ನು ಅವರ ಮರಣದ ಬಳಿಕ ಪರೀಕ್ಷಿಸಿ 1999ರಲ್ಲಿ ವರದಿ ಮಾಡಲಾಯಿತು. ವಿಷ ದೇಹ ಬಿಟ್ಟು ವರ್ಷಗಳೇ ಕಳೆದಿದ್ದರೂ ನೈಗ್ರದಲ್ಲಿ ನರಕೋಶಗಳು ಆಗಲೂ ಸಾಯುತ್ತಿದ್ದ ಕುರುಹುಗಳಿದ್ದವು, ಸುತ್ತ ಉರಿಯೂತ ಜೀವಂತವಾಗಿತ್ತು. ಒಮ್ಮೆ ಬಿದ್ದ ಪೆಟ್ಟು ತಾನಾಗಿ ಮುಂದುವರಿಯಬಲ್ಲದು ಎಂಬ ಸುಳಿವು ಅದು.

ವಿಷ ಚುಚ್ಚಿಕೊಂಡವರಲ್ಲಿ ಹೀಗಾಯಿತು, ಸರಿ. ಯಾವ ವಿಷವನ್ನೂ ಮುಟ್ಟದ, ಅರುವತ್ತು ದಾಟಿದ ಮೇಲೆ ಕೈ ನಡುಗಲು ಶುರುವಾದ ಸಾಮಾನ್ಯ ರೋಗಿಗೆ ಇದರಿಂದೇನು? ಉತ್ತರ 1989ರಲ್ಲಿ ಬಂತು. ಲಂಡನ್ನಿನ ಆಂಥನಿ ಶಪೀರಾ ಅವರ ತಂಡ ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ನೈಗ್ರದಲ್ಲಿ ಕಾಂಪ್ಲೆಕ್ಸ್-1ರ ಚಟುವಟಿಕೆ ಅಳೆಯಿತು. ಅದು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಜಪಾನಿನ ಯೋಶಿಕುನಿ ಮಿಝುನೋ ಅವರ ಗುಂಪು ಅದೇ ವರ್ಷ ಕಾಂಪ್ಲೆಕ್ಸ್-1ರ ಕೊರತೆಯನ್ನು ಬೇರೆ ವಿಧಾನದಿಂದ ಕಂಡಿತು. ಅಮೆರಿಕದಲ್ಲಿ ರೋಗಿಗಳ ರಕ್ತದ ಪ್ಲೇಟ್‌ಲೆಟ್‌ಗಳಲ್ಲೂ ಈ ಕೊರತೆ ಕಾಣಿಸಿತು. ಬೀದಿಯ ಮಾದಕ ವಸ್ತುವಿಗೂ ಮುಪ್ಪಿನ ರೋಗಕ್ಕೂ ನಂಟು ಬಿದ್ದದ್ದು ಹೀಗೆ.

ಮುಂದಿನ ಅನುಮಾನ ಹೊಲಗದ್ದೆಗಳ ಕಡೆ ತಿರುಗಿತು. ರೊಟೆನೋನ್ ಎಂಬುದು ಡೆರಿಸ್ ಮುಂತಾದ ಗಿಡಗಳ ಬೇರಿನಲ್ಲಿರುವ ವಸ್ತು. ಆಗ್ನೇಯ ಏಷ್ಯಾದಲ್ಲೂ ಅಮೆಜಾನಿನಲ್ಲೂ ಜನ ಅಂಥ ಬೇರುಗಳನ್ನು ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದರು. ಸಸ್ಯದಿಂದ ಬಂದದ್ದು, ಆದ್ದರಿಂದ ನಿರಪಾಯಕಾರಿ ಎಂಬ ನಂಬಿಕೆಯಿಂದ ಪಶ್ಚಿಮದ ತೋಟಗಳಲ್ಲಿ ಕೀಟನಾಶಕವಾಗಿಯೂ ಬಳಕೆಯಾಯಿತು. ಅದು ಕಾಂಪ್ಲೆಕ್ಸ್-1ನ್ನು ಕಟ್ಟಿಹಾಕುವ ಪ್ರಬಲ ವಸ್ತು. 2000ರಲ್ಲಿ ಟಿಮೊಥಿ ಗ್ರೀನ್‌ಅಮೈರ್ ಅವರ ಗುಂಪು ಇಲಿಗಳಿಗೆ ವಾರಗಟ್ಟಲೆ ಸಣ್ಣ ಪ್ರಮಾಣದಲ್ಲಿ ಅದನ್ನು ಕೊಟ್ಟು ನೋಡಿತು. ರೊಟೆನೋನ್ ದೇಹದ ಎಲ್ಲ ಕೋಶಗಳನ್ನೂ ಹೊಗುತ್ತದೆ, ಯಾವ ಸಾಗಣೆ ಪ್ರೋಟೀನಿನ ಹಂಗೂ ಅದಕ್ಕಿಲ್ಲ. ಆದರೂ ಸತ್ತದ್ದು ಮುಖ್ಯವಾಗಿ ನೈಗ್ರದ ಡೋಪಮೈನ್ ನರಕೋಶಗಳೇ. ಜೊತೆಗೆ ಮನುಷ್ಯರ ಪಾರ್ಕಿನ್ಸನ್ನಿನಲ್ಲಿ ಕಾಣುವಂಥ ಆಲ್ಫಾ-ಸಿನ್ಯೂಕ್ಲಿಯಿನ್ ಪ್ರೋಟೀನಿನ ಗಂಟುಗಳೂ ಮೂಡಿದವು.

2011ರಲ್ಲಿ ಕ್ಯಾರೊಲಿನ್ ಟ್ಯಾನರ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಕೃಷಿಕರು ಮತ್ತು ಕೀಟನಾಶಕ ಸಿಂಪಡಿಸುವವರ ಅಧ್ಯಯನದಲ್ಲಿ ರೊಟೆನೋನ್ ಅಥವಾ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚಿರುವುದನ್ನು ಗುರುತಿಸಿದರು. ಪ್ಯಾರಾಕ್ವಾಟ್ ಕನ್ನಡದ ರೈತರಿಗೆ ಗೊತ್ತಿಲ್ಲದ ಹೆಸರಲ್ಲ, ಗ್ರಾಮಕ್ಸೋನ್ ಎಂಬ ಕಳೆನಾಶಕದಲ್ಲಿರುವುದು ಅದೇ. ರಚನೆಯಲ್ಲಿ ಎಂಪಿಪಿ ಪ್ಲಸ್‌ನ ಹತ್ತಿರದ ಬಂಧು. ಅದು ಕಾಂಪ್ಲೆಕ್ಸ್-1ನ್ನು ನೇರವಾಗಿ ತಡೆಯುವುದಕ್ಕಿಂತ ಉಗ್ರ ಆಮ್ಲಜನಕ ಅಣುಗಳನ್ನು ಮತ್ತೆಮತ್ತೆ ಹುಟ್ಟಿಸುವ ಮೂಲಕ ಹಾನಿ ಮಾಡುತ್ತದೆ. ಸ್ವಿಟ್ಸರ್ಲೆಂಡ್ 1989ರಲ್ಲೇ ಅದನ್ನು ನಿಷೇಧಿಸಿತು, ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಅನುಮತಿಯಿಲ್ಲ. ಭಾರತದಲ್ಲಿ ಮಾರಾಟವಾಗುತ್ತದೆ. ಪಾರ್ಕಿನ್ಸನ್ ಜೊತೆಗಿನ ನಂಟನ್ನು ತಯಾರಕರು ಒಪ್ಪುವುದಿಲ್ಲ, ನಿಯಂತ್ರಕ ಸಂಸ್ಥೆಗಳ ನಿಲುವು ದೇಶಕ್ಕೊಂದು ಬಗೆ. ಆದರೆ ಬಾಯಿಗೆ ಬಟ್ಟೆಯೂ ಇಲ್ಲದೆ, ಬರಿಗೈಯಲ್ಲಿ ಡಬ್ಬಿಗೆ ಬೆರೆಸಿ ಬೆನ್ನಿಗೇರಿಸಿಕೊಂಡು ಸಿಂಪಡಿಸುವ ಕೂಲಿಯಾಳಿನ ಮಟ್ಟಿಗೆ ವಾದ ಮುಗಿಯುವವರೆಗೆ ಕಾಯುವುದು ನ್ಯಾಯವಲ್ಲ. ನುಂಗಿದರೆ ಪ್ರತಿವಿಷವೇ ಇಲ್ಲದ ಈ ದ್ರವವನ್ನು ದೂರವಿಡಲು ಬೇರೆ ಕಾರಣವೂ ಬೇಕಿಲ್ಲ. ಕಾರ್ಖಾನೆಗಳಲ್ಲಿ ಲೋಹ ತೊಳೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವೂ ಇದೇ ಸಾಲಿಗೆ ಸೇರಿದೆ. ಆ ದ್ರಾವಕ ಬೆರೆತ ನೀರು ಕುಡಿದಿದ್ದ ಅಮೆರಿಕದ ಕ್ಯಾಂಪ್ ಲೆಜೂನ್ ನೆಲೆಯ ಸೈನಿಕರಲ್ಲಿ ಪಾರ್ಕಿನ್ಸನ್ ಅಪಾಯ ಇನ್ನೊಂದು ನೆಲೆಯವರಿಗಿಂತ ನೂರಕ್ಕೆ 70ರಷ್ಟು ಹೆಚ್ಚಿತ್ತೆಂದು 2023ರಲ್ಲಿ ವರದಿಯಾಯಿತು.

ಇಲ್ಲೊಂದು ಪ್ರಶ್ನೆ ಕಾಡದೆ ಇರದು. ಮೈಟೋಕಾಂಡ್ರಿಯ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ರೊಟೆನೋನ್ ಎಲ್ಲ ಕಡೆಗೂ ಹೋಗುತ್ತದೆ. ಮೊದಲು ಬೀಳುವುದು ಮಾತ್ರ ಮಿದುಳಿನ ಬುಡದಲ್ಲಿರುವ ಕೆಲವು ಲಕ್ಷ ಕೋಶಗಳೇ ಏಕೆ?

ಆ ಕೋಶಗಳ ಬದುಕೇ ದುಬಾರಿ. ನೈಗ್ರದ ಒಂದು ಡೋಪಮೈನ್ ನರಕೋಶದ ತಂತುವನ್ನು ಅದರ ಕವಲುಗಳೆಲ್ಲ ಸೇರಿಸಿ ಅಳೆದರೆ ಮನುಷ್ಯನಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಬರುತ್ತದೆಂದು ಬೋಲಂ ಮತ್ತು ಪಿಸ್ಸಡಾಕಿ 2012ರಲ್ಲಿ ಅಂದಾಜು ಮಾಡಿದರು. ಒಂದೊಂದು ಕೋಶವೂ ಹತ್ತು ಲಕ್ಷದಿಂದ ಇಪ್ಪತ್ತನಾಲ್ಕು ಲಕ್ಷ ಸಂಪರ್ಕಬಿಂದುಗಳನ್ನು ನಿಭಾಯಿಸುತ್ತದೆ. ಇಡೀ ತಾಲ್ಲೂಕಿನ ವಿದ್ಯುತ್ ತಂತಿಗಳನ್ನು ಒಬ್ಬನೇ ಲೈನ್‌ಮನ್ ನೋಡಿಕೊಳ್ಳುವಂಥ ಪಾಡು. ಸಾಲದ್ದಕ್ಕೆ ಈ ಕೋಶಗಳಿಗೆ ಬಿಡುವೆಂಬುದಿಲ್ಲ. ಹೊರಗಿನಿಂದ ಯಾರೂ ಕೆರಳಿಸದಿದ್ದರೂ ಅವು ಹಗಲೂ ರಾತ್ರಿ ತಾವೇ ಮಿಡಿಯುತ್ತಿರುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದನ್ನು ಮತ್ತೆ ಹೊರದಬ್ಬಲು ಎಟಿಪಿ ಬೇಕು. ಶಿಕಾಗೋದ ಜೇಮ್ಸ್ ಸುರ್ಮಯರ್ ಅವರ ತಂಡ ಈ ಕ್ಯಾಲ್ಸಿಯಂ ಹೊರೆಯೇ ಮೈಟೋಕಾಂಡ್ರಿಯಗಳನ್ನು ಸದಾ ಒತ್ತಡದಲ್ಲಿಡುತ್ತದೆಂದು 2010ರಲ್ಲಿ ತೋರಿಸಿತು. ಈ ಕೋಶಗಳು ತಯಾರಿಸುವ ಡೋಪಮೈನ್ ಕೂಡ ಸಾಧು ಅಣುವಲ್ಲ, ಗಾಳಿಗೆ ತೆರೆದಂತೆ ಕೋಶದ ದ್ರವದಲ್ಲಿ ಉಳಿದುಬಿಟ್ಟರೆ ತಾನೇ ಉತ್ಕರ್ಷಿತಗೊಂಡು ನಂಜಾಗುತ್ತದೆ. ವಯಸ್ಸು ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಮೈಟೋಕಾಂಡ್ರಿಯಕ್ಕೆ ತಾಯಿಯಿಂದ ಬರುವ ಪ್ರತ್ಯೇಕ ಡಿಎನ್‌ಎ ಇದೆ, 16,569 ಅಕ್ಷರಗಳ ಪುಟ್ಟ ಉಂಗುರ. ಕಾಂಪ್ಲೆಕ್ಸ್-1ರ ಏಳು ತುಂಡುಗಳ ಸೂಚನೆ ಅದರಲ್ಲೇ ಬರೆದಿದೆ. ಮುಪ್ಪಿನ ನೈಗ್ರದ ಕೋಶಗಳಲ್ಲಿ ಈ ಉಂಗುರದ ದೊಡ್ಡ ಭಾಗಗಳೇ ಅಳಿಸಿಹೋಗಿರುವುದನ್ನು 2006ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡವು.

2021ರಲ್ಲಿ ಸುರ್ಮಯರ್ ತಂಡ ಇಲಿಗಳ ಡೋಪಮೈನ್ ಕೋಶಗಳಲ್ಲಿ ಮಾತ್ರ ಕಾಂಪ್ಲೆಕ್ಸ್-1 ಕಟ್ಟಲು ಬೇಕಾದ ಒಂದು ವಂಶವಾಹಿಯನ್ನು ತೆಗೆದುಹಾಕಿತು. ವಿಷವಿಲ್ಲ, ಬೇರೇನೂ ಇಲ್ಲ. ಆದರೂ ಇಲಿಗಳಿಗೆ ನಿಧಾನವಾಗಿ ಪಾರ್ಕಿನ್ಸನ್ ತರಹದ್ದೇ ಸ್ಥಿತಿ ಬಂತು. ಮೊದಲು ತಂತುಗಳ ತುದಿ ಕೈಕೊಟ್ಟಿತು, ಕೋಶದ ಒಡಲು ಆಮೇಲೆ. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಲೆವೊಡೋಪಾ ಔಷಧವನ್ನೇ ಕೊಟ್ಟರೆ ಇಲಿಗಳು ಸುಧಾರಿಸಿದವು. ಮೊದಲ ಕೊಂಡಿ ಕೆಟ್ಟರೆ ಅಷ್ಟೇ ಸಾಕು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಇನ್ನೊಂದಿಲ್ಲ.

ವಂಶವಾಹಿಗಳ ಕಡೆಯಿಂದ ಬಂದ ಕಥೆ ಜಪಾನಿನಲ್ಲಿ ಶುರುವಾಗುತ್ತದೆ. ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಪಾರ್ಕಿನ್ಸನ್ ಕಾಣಿಸಿಕೊಳ್ಳುವ ಕುಟುಂಬಗಳನ್ನು ಅಲ್ಲಿನ ವೈದ್ಯರು ಬಹುಕಾಲದಿಂದ ಗಮನಿಸುತ್ತಿದ್ದರು. 1998ರಲ್ಲಿ ಅದಕ್ಕೆ ಕಾರಣವಾದ ಪಾರ್ಕಿನ್ ಎಂಬ ವಂಶವಾಹಿ ಸಿಕ್ಕಿತು. 2004ರಲ್ಲಿ ಯುರೋಪಿನ ಕುಟುಂಬಗಳಿಂದ ಪಿಂಕ್1 ಸಿಕ್ಕಿತು. ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ ತರುವ ವಂಶವಾಹಿಗಳಿವು. ಸೋದರಮಾವನ ಜೊತೆ, ಅತ್ತೆಮಾವಂದಿರ ಮಕ್ಕಳ ಜೊತೆ ಮದುವೆಯಾಗುವ ರೂಢಿಯಿರುವ ದಕ್ಷಿಣ ಭಾರತದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ನಲವತ್ತಕ್ಕೂ ಮೊದಲೇ ನಡುಕ, ಬಿಗಿತ ಕಾಣಿಸಿಕೊಂಡಾಗ ಕುಟುಂಬದೊಳಗಿನ ಮದುವೆಯ ಬಗ್ಗೆ ನರರೋಗ ತಜ್ಞರು ಕೇಳುವುದು ಅದಕ್ಕಾಗಿಯೇ.

ಈ ಎರಡು ವಂಶವಾಹಿಗಳ ಕೆಲಸವೇನೆಂದು ಹೇಳಿಕೊಟ್ಟದ್ದು ಹಣ್ಣಿನ ನೊಣ. ಪಾರ್ಕಿನ್ ಇಲ್ಲದ ನೊಣಗಳ ರೆಕ್ಕೆಯ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಗಳು ಊದಿ ಒಡೆದಿದ್ದವು, ಗಂಡು ನೊಣಗಳು ಸಂತಾನಶಕ್ತಿ ಕಳೆದುಕೊಂಡಿದ್ದವು. ಪಿಂಕ್1 ಇಲ್ಲದವುಗಳದೂ ಅದೇ ಗತಿ. 2006ರಲ್ಲಿ ಮಿಂಗ್ ಗುವೊ ಅವರ ಅಮೆರಿಕದ ತಂಡವೂ ಕೊರಿಯಾದ ಇನ್ನೊಂದು ತಂಡವೂ ಒಂದು ಸೊಗಸಾದ ಪರೀಕ್ಷೆ ಮಾಡಿದವು. ಪಿಂಕ್1 ಇಲ್ಲದ ನೊಣಕ್ಕೆ ಹೆಚ್ಚುವರಿ ಪಾರ್ಕಿನ್ ಕೊಟ್ಟರೆ ಅದು ಸರಿಹೋಯಿತು. ಪಾರ್ಕಿನ್ ಇಲ್ಲದ ನೊಣಕ್ಕೆ ಎಷ್ಟು ಪಿಂಕ್1 ಕೊಟ್ಟರೂ ಸರಿಹೋಗಲಿಲ್ಲ. ಅಂದರೆ ಪಿಂಕ್1 ಮೊದಲು, ಪಾರ್ಕಿನ್ ನಂತರ, ಇಬ್ಬರೂ ಒಂದೇ ದಾರಿಯ ಕೆಲಸಗಾರರು.

ಆ ದಾರಿ ಯಾವುದೆಂದು 2008ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಿಚರ್ಡ್ ಯೂಲ್ ಮತ್ತು ಡೆರೆಕ್ ನರೇಂದ್ರ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಆರೋಗ್ಯವಾಗಿರುವ ಮೈಟೋಕಾಂಡ್ರಿಯ ಪಿಂಕ್1ನ್ನು ಒಳಗೆಳೆದುಕೊಂಡು ಕತ್ತರಿಸಿ ಬಿಡುತ್ತದೆ, ಆದ್ದರಿಂದ ಕೋಶದಲ್ಲಿ ಅದು ಹೆಚ್ಚು ಉಳಿಯುವುದೇ ಇಲ್ಲ. ಪೊರೆಯ ವಿದ್ಯುತ್ ಒತ್ತಡ ಕುಸಿದ ಮೈಟೋಕಾಂಡ್ರಿಯಕ್ಕೆ ಹಾಗೆ ಒಳಗೆಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಪಿಂಕ್1 ಅದರ ಹೊರಮೈಯಲ್ಲೇ ಗುಂಪುಗೂಡುತ್ತದೆ, ಪಾರ್ಕಿನ್‌ಗೆ ಕರೆ ಹೋಗುತ್ತದೆ, ಪಾರ್ಕಿನ್ ಬಂದು ಆ ಮೈಟೋಕಾಂಡ್ರಿಯದ ಮೇಲೆಲ್ಲ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ. ಗುರುತು ಬಿದ್ದದ್ದನ್ನು ಕೋಶ ಪೊರೆಯಲ್ಲಿ ಸುತ್ತಿ ಜೀರ್ಣಿಸಿಬಿಡುತ್ತದೆ. ಈ ಸ್ವಚ್ಛತೆಯ ಕೆಲಸ ನಿಂತರೆ ಕೆಟ್ಟವು ಉಳಿದುಕೊಳ್ಳುತ್ತವೆ, ಉಗ್ರ ಅಣುಗಳನ್ನು ಉಗುಳುತ್ತವೆ, ತಮ್ಮ ಡಿಎನ್‌ಎಯನ್ನು ಹೊರಚೆಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ಪಿಂಕ್1ರ ವಂಶವಾಹಿ ಗೊತ್ತಾಗಿ ಎರಡು ದಶಕ ಕಳೆದ ಮೇಲೆ, 2025ರಲ್ಲಿ, ಮೆಲ್ಬರ್ನ್‌ನ ವಿಜ್ಞಾನಿಗಳು ಮನುಷ್ಯರ ಪಿಂಕ್1 ಮೈಟೋಕಾಂಡ್ರಿಯದ ಮೇಲೆ ಹೇಗೆ ಕುಳಿತಿರುತ್ತದೆಂಬ ಚಿತ್ರವನ್ನು 'ಸೈನ್ಸ್'ನಲ್ಲಿ ಪ್ರಕಟಿಸಿದರು. ಅದರ ಕೆಲಸವನ್ನು ಚುರುಕುಗೊಳಿಸುವ ಔಷಧ ಹುಡುಕುವವರಿಗೆ ಇದು ನಿಜವಾಗಿ ಬೇಕಿದ್ದ ನಕ್ಷೆ.

ಪಾರ್ಕಿನ್ ದೋಷವಿರುವ ಎಷ್ಟೋ ರೋಗಿಗಳ ಮಿದುಳಿನಲ್ಲಿ ಪಾರ್ಕಿನ್ಸನ್ನಿನ ಲಾಂಛನವೆಂದೇ ಹೆಸರಾದ ಲೂಯಿ ಕಣಗಳು, ಅಂದರೆ ಆಲ್ಫಾ-ಸಿನ್ಯೂಕ್ಲಿಯಿನ್ ಗಂಟುಗಳು, ಇರುವುದೇ ಇಲ್ಲ. ಮೈಟೋಕಾಂಡ್ರಿಯದ ದೋಷವೊಂದರಿಂದಲೇ ನೈಗ್ರ ಸಾಯಬಲ್ಲದು ಎಂದಾಯಿತು. ಇನ್ನೊಂದು ತುದಿಯಲ್ಲಿ ಇಟಲಿಯ ಕೊಂತುರ್ಸಿ ಎಂಬ ಊರಿನ ಮೂಲದ ಕುಟುಂಬವಿದೆ. ಅವರ ರೋಗದ ಮೂಲ ಆಲ್ಫಾ-ಸಿನ್ಯೂಕ್ಲಿಯಿನ್ ವಂಶವಾಹಿಯಲ್ಲೇ ಇದೆಯೆಂದು 1997ರಲ್ಲಿ ಗೊತ್ತಾಯಿತು. ಎರಡು ತುದಿಗಳ ನಡುವೆ ಓಡಾಟವೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲತಾ ದೇವಿ, ನಾರಾಯಣ ಅವಧಾನಿ, ಆನಂದತೀರ್ಥವರದ ಮತ್ತು ಸಂಗಡಿಗರು ಆಲ್ಫಾ-ಸಿನ್ಯೂಕ್ಲಿಯಿನ್ ಮೈಟೋಕಾಂಡ್ರಿಯದ ಒಳಗೇ ಸೇರಿಕೊಂಡು ಕಾಂಪ್ಲೆಕ್ಸ್-1ನ್ನು ಕುಗ್ಗಿಸುತ್ತದೆಂದು 2008ರಲ್ಲಿ ತೋರಿಸಿದರು. ರೊಟೆನೋನ್ ಕೊಟ್ಟ ಇಲಿಯಲ್ಲಿ ಕಂಡದ್ದು ಇದರ ಉಲ್ಟಾ: ಮೊದಲು ಕಾಂಪ್ಲೆಕ್ಸ್-1 ಕೆಟ್ಟಿತು, ಆಮೇಲೆ ಗಂಟು ಕಟ್ಟಿತು. ಯಾವ ರೋಗಿಯಲ್ಲಿ ಯಾವುದು ಮೊದಲು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಾರ್ವೆಯ ಬರ್ಗೆನ್‌ನಲ್ಲಿರುವ ಖರಲಂಪೋಸ್ ಟ್ಸೂಲಿಸ್ ಅವರ ತಂಡ ನೇರವಾಗಿ ಎತ್ತಿಕೊಂಡಿತು. ನೈಗ್ರವೊಂದನ್ನೇ ನೋಡದೆ, ಸತ್ತ ರೋಗಿಗಳ ಮಿದುಳಿನ ಬೇರೆ ಭಾಗಗಳಲ್ಲೂ ಕಾಂಪ್ಲೆಕ್ಸ್-1 ಹೇಗಿದೆಯೆಂದು ನರಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸುಮಾರು ನಾಲ್ವರಲ್ಲಿ ಒಬ್ಬರ ಮಿದುಳಿನ ತುಂಬ ಈ ಕೊರತೆ ಹರಡಿದೆ. ಉಳಿದ ಮೂವರಲ್ಲಿ ನೈಗ್ರದ ಆಚೆಗೆ ಮೈಟೋಕಾಂಡ್ರಿಯಗಳು ನೆಟ್ಟಗಿವೆ. ಹೆಚ್ಚು ಕುತೂಹಲದ ಸಂಗತಿಯೆಂದರೆ, ಕೊರತೆ ಹರಡಿದವರಲ್ಲಿ ನಡುಕಕ್ಕಿಂತ ಬಿಗಿತ, ನಿಧಾನಗತಿಯೇ ಮೇಲುಗೈ. ನಡುಕ ಪ್ರಧಾನವಾಗಿರುವವರು ಹೆಚ್ಚಾಗಿ ಎರಡನೆಯ ಗುಂಪಿನವರು. ಒಂದೇ ಹೊರರೋಗಿ ವಿಭಾಗದಲ್ಲಿ, ಒಂದೇ ಮಾತ್ರೆಚೀಟಿ ಹಿಡಿದು ಕೂತವರು ಎರಡು ಬೇರೆ ರೋಗದವರಿರಬಹುದು.

ಕೋಎನ್‌ಜೈಮ್ ಕ್ಯೂ10ರ ಆರುನೂರು ಜನರಲ್ಲಿ ಮೊದಲ ಗುಂಪಿನವರು ಎಷ್ಟಿದ್ದರೆಂದು ಯಾರೂ ಅಳೆದಿರಲಿಲ್ಲ. ನಾಲ್ವರಲ್ಲಿ ಒಬ್ಬರಿಗಷ್ಟೇ ಕೆಲಸಕ್ಕೆ ಬರುವ ಔಷಧವನ್ನು ನಾಲ್ವರಿಗೂ ಕೊಟ್ಟು ಸರಾಸರಿ ತೆಗೆದರೆ ಆ ಒಬ್ಬರ ಲಾಭ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಬೇರೆ ಕಾರಣಗಳೂ ಇವೆ. ಲಕ್ಷಣ ಕಾಣುವ ಹೊತ್ತಿಗೆ ನೈಗ್ರದ ಕೋಶಗಳಲ್ಲಿ ಅರ್ಧದಷ್ಟು ಹೋಗಿರಬಹುದು, ನುಂಗಿದ ವಸ್ತು ಮಿದುಳಿನ ಮೈಟೋಕಾಂಡ್ರಿಯವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪದಿರಬಹುದು. ಆದರೂ ರೋಗಿಗಳನ್ನು ವಿಂಗಡಿಸದೆ ಇನ್ನೊಂದು ದೊಡ್ಡ ಪ್ರಯೋಗ ನಡೆಸುವುದು ಹಣವನ್ನೂ ರೋಗಿಗಳ ವರ್ಷಗಳನ್ನೂ ಪೋಲು ಮಾಡಿದಂತೆ. ಕರ್ನಾಟಕದ ಔಷಧದಂಗಡಿಗಳಲ್ಲೂ ಕೋಎನ್‌ಜೈಮ್ ಕ್ಯೂ10 ಗುಳಿಗೆ ಚೀಟಿಯಿಲ್ಲದೆ ಸಿಗುತ್ತದೆ, ಬೆಲೆಯೂ ಕಡಿಮೆಯಲ್ಲ. ಪಾರ್ಕಿನ್ಸನ್ ತಡೆಯುತ್ತದೆಂಬ ನಂಬಿಕೆಯಿಂದ ಅದಕ್ಕೆ ತಿಂಗಳ ಪಿಂಚಣಿ ಸುರಿಯುವವರಿಗೆ 2014ರ ಫಲಿತಾಂಶವನ್ನು ತಿಳಿಸಿ ಹೇಳಬೇಕು.

ಸದ್ಯಕ್ಕೆ ರೋಗಿಯನ್ನು ಎಬ್ಬಿಸಿ ನಡೆಸುವುದು ಲೆವೊಡೋಪಾ. ನಸುಗುನ್ನಿ ಕಾಯಿಯ ಬೀಜದಲ್ಲಿ ಅದಿರುವುದನ್ನು ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಅದು ಖಾಲಿಯಾದ ಡೋಪಮೈನನ್ನು ತುಂಬುತ್ತದೆ, ಸಾಯುವ ಕೋಶವನ್ನು ಉಳಿಸುವುದಿಲ್ಲ. ಇದರ ಜೊತೆಗೆ ಭರವಸೆ ಮೂಡಿಸಿರುವುದು ಬೆವರು ಸುರಿಸುವ ವ್ಯಾಯಾಮ. 2018ರಲ್ಲಿ 128 ಹೊಸ ರೋಗಿಗಳ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲಿ ಟ್ರೆಡ್‌ಮಿಲ್ ಮೇಲೆ ಹೃದಯ ಬಡಿತವನ್ನು ಗರಿಷ್ಠದ ನೂರಕ್ಕೆ 80ರಿಂದ 85ರಷ್ಟಕ್ಕೆ ಏರಿಸಿ ನಡೆದವರ ಚಲನೆಯ ಅಂಕ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವ್ಯಾಯಾಮ ಮಾಡದೆ ಉಳಿದವರದು ಸುಮಾರು ಮೂರು ಅಂಕ ಹದಗೆಟ್ಟಿತು. ವ್ಯಾಯಾಮ ಸ್ನಾಯುಗಳಲ್ಲಿ ಹೊಸ ಮೈಟೋಕಾಂಡ್ರಿಯ ಹುಟ್ಟಿಸುತ್ತದೆಂಬುದು ಹಳೆಯ ಸಂಗತಿ. ವೈದ್ಯರ ಸಲಹೆ ಪಡೆದು ವೇಗವಾಗಿ ನಡೆಯಲು ಯಾವ ಗುಳಿಗೆಯ ಖರ್ಚೂ ಇಲ್ಲ.

ಜನಜನರ ನಡುವಿನ ವ್ಯತ್ಯಾಸದ ಮಾತಿಗೆ ಬೆಂಗಳೂರು ತುಂಬ ಮುಖ್ಯವಾದ ಊರು. ಎಂಪಿಟಿಪಿ ಕೊಟ್ಟ ಇಲಿಗಳ ಮಿದುಳಿನಲ್ಲಿ ಕಾಂಪ್ಲೆಕ್ಸ್-1ನ್ನು ಕಾಪಾಡಲು ಗ್ಲೂಟಾರೆಡಾಕ್ಸಿನ್ ಎಂಬ ಕಿಣ್ವ ಬೇಕೇಬೇಕೆಂದು 2003ರಲ್ಲಿ ತೋರಿಸಿದವರು ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಕೆಂಚಪ್ಪ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ಕಟ್ಟಿದವರೂ ಅದೇ ವಿಜಯಲಕ್ಷ್ಮಿ. ಹೆಣ್ಣಿಲಿಗಳಲ್ಲಿ ಈ ಕಿಣ್ವ ಹೆಚ್ಚಿದ್ದು ಅವು ಎಂಪಿಟಿಪಿಯನ್ನು ಹೆಚ್ಚು ತಾಳಿಕೊಳ್ಳುತ್ತವೆಂದೂ ಮರುವರ್ಷ ಅವರ ಗುಂಪು ಕಂಡುಕೊಂಡಿತು. ಮನುಷ್ಯರಲ್ಲೂ ಪಾರ್ಕಿನ್ಸನ್ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ನಿಮ್ಹಾನ್ಸ್‌ನಲ್ಲಿ ಶ್ರೀನಿವಾಸ ಭರತ್ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಕಾಂಪ್ಲೆಕ್ಸ್-1ಕ್ಕೆ ಹೇಗೆ ರಕ್ಷಣೆ ಕೊಡಬಲ್ಲದೆಂದು ಪ್ರಯೋಗಾಲಯದಲ್ಲಿ ಪರಿಶೀಲಿಸಿತು. ಅದು ಪ್ರಯೋಗಾಲಯದ ಮಾತು, ಅಡುಗೆಮನೆಯ ಚಿಕಿತ್ಸೆಯಲ್ಲ.

ಇವೆಲ್ಲಕ್ಕಿಂತ ಕುತೂಹಲದ ಕೆಲಸ ನಿಮ್ಹಾನ್ಸ್‌ನ ಮಿದುಳು ಭಂಡಾರದಿಂದ ಬಂದಿದೆ. ದಾನವಾಗಿ ಬಂದ ಮಿದುಳುಗಳನ್ನು ಕೂಡಿಡುವ ಈ ಭಂಡಾರವನ್ನು ಕಟ್ಟಿ ಬೆಳೆಸಿದವರು ಎಸ್.ಕೆ. ಶಂಕರ್. 1998ರಲ್ಲಿ ಉದಯ ಮುಠಾಣೆ ಮತ್ತು ಸಹೋದ್ಯೋಗಿಗಳು ಪಾರ್ಕಿನ್ಸನ್ ಇಲ್ಲದ ಭಾರತೀಯರ ನೈಗ್ರದಲ್ಲಿ ಕಪ್ಪು ವರ್ಣದ ನರಕೋಶಗಳನ್ನು ಎಣಿಸಿದರು. ಬ್ರಿಟನ್ನಿನ ಮಿದುಳುಗಳಿಗೆ ಹೋಲಿಸಿದರೆ ಸಂಖ್ಯೆ ಕಡಿಮೆಯೇ ಇತ್ತು. ಆದರೆ ವಯಸ್ಸಾದಂತೆ ಅವು ಕಡಿಮೆಯಾಗುತ್ತಿರಲಿಲ್ಲ. ಪಶ್ಚಿಮದವರಲ್ಲಿ ವಯಸ್ಸಿನ ಜೊತೆ ನೈಗ್ರ ಕರಗುವುದು ಸಹಜವೆಂದೇ ನಂಬಲಾಗಿತ್ತು. 2009ರಲ್ಲಿ ಫಲ್ಗುಣಿ ಅಲ್ಲಾಡಿ ಮತ್ತು ಸಂಗಡಿಗರು ಇನ್ನಷ್ಟು ನಿಖರವಾದ ಎಣಿಕೆಯಿಂದ ಅದನ್ನೇ ಖಚಿತಪಡಿಸಿದರು. ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ನಡೆದ ಇನ್ನೊಂದು ಸಮೀಕ್ಷೆ ಐರೋಪ್ಯ ಮತ್ತು ಭಾರತೀಯ ಮೂಲಗಳೆರಡೂ ಬೆರೆತ ಆಂಗ್ಲೋ-ಇಂಡಿಯನ್ ಹಿರಿಯರಲ್ಲಿ ಪಾರ್ಕಿನ್ಸನ್ ಇತರ ಭಾರತೀಯರಿಗಿಂತಲೂ ಕಡಿಮೆಯೆಂದು 2003ರಲ್ಲಿ ಹೇಳಿತ್ತು.

ಎರಡು ಮೂಲಗಳು ಬೆರೆತಾಗ ನೈಗ್ರ ಗಟ್ಟಿಯಾಗುತ್ತದೆಯೇ? ಅಲ್ಲಾಡಿ ಅವರ ಪ್ರಯೋಗಾಲಯದಲ್ಲಿ ವಿದ್ಯಾಧರ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಎಂಪಿಟಿಪಿಗೆ ಬೇಗ ಬಲಿಯಾಗುವ ಕಪ್ಪು ತಳಿಯೊಂದು, ಅದನ್ನು ತಡೆದುಕೊಳ್ಳುವ ಬಿಳಿ ತಳಿಯೊಂದು, ಎರಡನ್ನೂ ಕೂಡಿಸಿ ಪಡೆದ ಮರಿಗಳು. ಮೂರಕ್ಕೂ ಒಂದೇ ವಿಷ ಕೊಟ್ಟು ನೈಗ್ರದ ಕೋಶಗಳನ್ನು ಎಣಿಸಿದಾಗ ಬೆರಕೆ ಮರಿಗಳು ವಿಷವನ್ನು ತಾಳಿಕೊಂಡಿದ್ದವು.